ಅಮ್ಮನ ಕೆನ್ನೆ ತುಂಬಿಸಿದ ದೀಪ

ಬಲ್ಬಿನ ಮೇಲೆ ಕೂತ ಧೂಳು ಸುಡುವ ವಾಸನೆ ಈಗ ಯಾರ ಮನೆಯಲ್ಲೂ ಬರುವುದಿಲ್ಲ. ಈಗಿನ ಬಲ್ಬುಗಳು ಬಿಸಿಯೇ ಆಗುವುದಿಲ್ಲವಲ್ಲ. ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಟೇಬಲ್ ಲ್ಯಾಂಪೊಂದು ಸಿಕ್ಕಿತು. ಉರಿಯುತ್ತದೋ ನೋಡೋಣವೆಂದು ಹಚ್ಚಿದೆ. ಎರಡು ನಿಮಿಷದಲ್ಲಿ ಆ ವಾಸನೆ ಎದ್ದಿತು. ಅದರ ಬೆನ್ನಿಗೇ ಮುಖದ ಪೌಡರಿನ ಘಮ, ಒಣಶುಂಠಿಯ ಘಾಟು, ಮಟ್ಟಾಂಚೇರಿಯ ಉಪ್ಪುಗಾಳಿ ಎಲ್ಲವೂ ಬಂದವು. ಮಾಡುವ ಕೆಲಸ ಬಿಟ್ಟು, ಕೈಯಲ್ಲಿ ಧೂಳೊರೆಸುವ ಬಟ್ಟೆ ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟೆ. ನಿಮಗೂ ಒಮ್ಮೊಮ್ಮೆ ಹೀಗಾಗುತ್ತದೆ ತಾನೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು, ಪುತ್ತೂರಿನಿಂದ ಮಟ್ಟಾಂಚೇರಿಗೆ ವರ್ಗವಾಗಿತ್ತು. ಮಸಾಲೆ ಗೋದಾಮುಗಳ ಬೀದಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ, ಹಿಂದೊಂದು ಪುಟ್ಟ ಅಂಗಳ. ಒಳಗೆ ಕನ್ನಡ, ಹೊಸಿಲು ದಾಟಿದರೆ ಮಲಯಾಳ. ಎಂಟು ವರ್ಷದ ನನಗೆ ಎರಡೂ ಕಲಸಿಹೋಗಿ, ಅಮ್ಮ ಕನ್ನಡದಲ್ಲಿ ಕರೆದರೆ ‘ಎಂದಾ ಅಮ್ಮೇ’ ಎಂದು ಓಗೊಟ್ಟು ಬೈಸಿಕೊಳ್ಳುತ್ತಿದ್ದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಲಾರಿ ನಿಲ್ಲಿಸುತ್ತಾರೆ.

ಒಂದು ಮಳೆಗಾಲದಲ್ಲಿ ಅಮ್ಮನಿಗೆ ಟೈಫಾಯ್ಡ್ ಬಂತು. ಜ್ವರವೇನೋ ಬಿಟ್ಟಿತು, ಆದರೆ ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಪುತ್ತೂರಿನಲ್ಲಿದ್ದ ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಇದೊಂದೂ ಗೊತ್ತಾಗಕೂಡದೆಂದು ಅವಳ ಹಟ. ಯಾಕೆಂದರೆ ಅಮ್ಮನ ಅಕ್ಕ ಇದೇ ಜ್ವರದಲ್ಲಿ, ಹದಿನಾರನೆಯ ವಯಸ್ಸಿಗೆ, ಅಜ್ಜಿಯ ಮಡಿಲಲ್ಲೇ ತೀರಿಕೊಂಡಿದ್ದಳು. “ಇನ್ನೊಂದು ಸಲ ಆ ಜ್ವರದ ಹೆಸರು ಕೇಳಿದ್ರೆ ಅಮ್ಮ ಉಳೀಲಿಕ್ಕಿಲ್ಲ” ಎಂದು ನನ್ನಮ್ಮ ಹೇಳುತ್ತಿದ್ದಳು. ಆದರೆ ಅಜ್ಜಿಗೆ ಅನುಮಾನ ಹತ್ತಿತ್ತು. ಎರಡು ತಿಂಗಳಿಂದ ಕಾಗದಗಳೆಲ್ಲ ಅಪ್ಪನ ಕೈಬರಹದಲ್ಲೇ ಹೋಗುತ್ತಿದ್ದವು. ಕೊನೆಗೊಂದು ಕಾರ್ಡು ಬಂತು, ಮಗಳ ಫೋಟೋ ತೆಗೆಸಿ ಕಳಿಸಿ, ನೋಡದೆ ಸಮಾಧಾನ ಇಲ್ಲ ಅಂತ.

ಒಣಶುಂಠಿಯ ಗೋದಾಮಿನ ಮಾಳಿಗೆಯಲ್ಲಿ ವಾಸುವೇಟ್ಟನ್ ಎಂಬವರ ಸ್ಟುಡಿಯೋ ಇತ್ತು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮನನ್ನು ನಡುನಡುವೆ ಕೂರಿಸುತ್ತ ಆ ಮರದ ಮೆಟ್ಟಿಲು ಹತ್ತಿಸಿದರು, ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ವಾಸುವೇಟ್ಟನ್ ಡಾಕ್ಟರರ ಹಾಗೆ ಅಮ್ಮನ ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದರು. ಆಮೇಲೆ ಅವಳನ್ನು ಸ್ವಲ್ಪ ಓರೆಯಾಗಿ ಕೂರಿಸಿ, ಕ್ಯಾಮರಾಕ್ಕೆ ಕಾಣುವ ಕೆನ್ನೆಯ ಮೇಲೇ ದೊಡ್ಡ ದೀಪದ ಬೆಳಕು ಬೀಳಿಸಿದರು. ದಪ್ಪ ಮುಖದವರಿಗಾದರೆ ಆ ಕೆನ್ನೆಯನ್ನು ನೆರಳಿಗೆ ಬಿಡಬೇಕಂತೆ, ಸೊರಗಿದವರಿಗೆ ಇದರ ತಿರುಗುಮುರುಗು. ದೀಪದ ಮುಂದೆ ತೆಳುವಾದ ಬಿಳಿ ಬಟ್ಟೆ ಇಳಿಬಿಟ್ಟು ಬೆಳಕನ್ನು ಮೆತ್ತಗೆ ಮಾಡಿದರು. ಕೂದಲು ಎಷ್ಟಿದೆಯೆಂದು ತಿಳಿಯಬಾರದಲ್ಲ, ಅದಕ್ಕೆ ಹಿಂದಿನ ದೀಪ ಆರಿಸಿ ಕಪ್ಪು ಪರದೆ ಎಳೆದರು. ಕಣ್ಣಿನ ಕೆಳಗಿನ ಗುಳಿಗೊಂದು ಉಪಾಯ ಉಳಿದಿತ್ತು. ಅವರು ಹೆಗಲ ಮೇಲಿನ ತೋರ್ತನ್ನು, ಆ ಊರಿನ ತೆಳು ಬಿಳಿ ಟವೆಲನ್ನು, ಅಮ್ಮನ ಮಡಿಲಲ್ಲಿ ಹರಡಿದರು. ಬೆಳಕು ಅದರ ಮೇಲೆ ಬಿದ್ದು ಮುಖಕ್ಕೆ ಚಿಮ್ಮಿತು, ಗುಳಿ ಮಾಯವಾಯಿತು. “ಚೇಚ್ಚೀ, ಚಿರಿಕ್ಕಣಂ” ಎಂದರು, ಅಕ್ಕಾ, ನಗಬೇಕು ಅಂತ.

ಅಮ್ಮ ನಕ್ಕಳು. ನನ್ನ ಮೊದಲಿನ ಅಮ್ಮ, ಮೈತುಂಬಿದ ಅಮ್ಮ, ಎದುರಿಗೆ ಕೂತಿದ್ದಳು. ಕ್ಲಿಕ್ ಎಂದಮೇಲೆ ವಾಸುವೇಟ್ಟನ್ ದೀಪ ಆರಿಸಿದರು, ಕೆನ್ನೆ ಮತ್ತೆ ಒಳಗೆ ಹೋಯಿತು. ನನಗೆ ಅಳು ಬಂತು. ದೀಪ ಹಾಕಿ, ದೀಪ ಹಾಕಿ ಎಂದು ನಾನು ಮಾಡಿದ ರಂಪಕ್ಕೆ ಅಪ್ಪ ನನ್ನನ್ನು ಎತ್ತಿಕೊಂಡೇ ಕೆಳಗಿಳಿಯಬೇಕಾಯಿತು.

ಫೋಟೋ ಹೋಯಿತು. ನಾವು ನಿಶ್ಚಿಂತರಾದೆವು. ಹತ್ತು ದಿನ ಕಳೆದಿರಬೇಕು, ಒಂದು ರಜೆಯ ಮಧ್ಯಾಹ್ನ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಒಬ್ಬಳೇ ರೈಲಿನಲ್ಲಿ ಬಂದಿದ್ದಳು.

“ಫೋಟೋದಲ್ಲಿ ಮುಖ ಚಂದ ಉಂಟು. ಆದ್ರೆ ನೀನು ಹಾಕಿದ ರವಿಕೆ ನಾನು ಹೊಲಿದದ್ದು ಮಾರಾಯ್ತಿ. ತೋಳಿಗೆ ಕಚ್ಚಿ ಕೂರ್ತಿತ್ತು ಅದು. ಈಗ ಎರಡು ಬೆರಳು ಹೋಗುವಷ್ಟು ಸಡಿಲ ಹೇಗೆ ಬಂತು?”

ಅಮ್ಮ ಸೆರಗೆಳೆದು ತೋಳು ಮುಚ್ಚಿಕೊಂಡಳು. ಅಜ್ಜಿ ನೋಡಿ ಖುಷಿಪಡಲಿ ಅಂತಲೇ ಅವಳು ಹಟ ಹಿಡಿದು ಆ ರವಿಕೆ ಹಾಕಿಕೊಂಡು ಹೋಗಿದ್ದಳು. ವಾಸುವೇಟ್ಟನ್ ಮುಖ ನೋಡಿದರು, ಕೂದಲು ನೋಡಿದರು, ತೋಳನ್ನು ಯಾರೂ ನೋಡಿರಲಿಲ್ಲ. ಅಜ್ಜಿ ಅವಳ ಕೈಹಿಡಿದು ಅಂಗಳಕ್ಕೆ ಕರೆದೊಯ್ದು, ನೆತ್ತಿಯ ಬಿಸಿಲಲ್ಲಿ ನಿಲ್ಲಿಸಿ, ಗದ್ದ ಎತ್ತಿ ತುಂಬ ಹೊತ್ತು ನೋಡಿದಳು.

“ಟೈಫಾಯ್ಡಾ?”

ಅಮ್ಮ ಹೌದೆಂದು ತಲೆಯಾಡಿಸಿದಳು. ಅಜ್ಜಿ ಎಲ್ಲಿ ಬೀಳುತ್ತಾಳೋ ಎಂದು ಅಪ್ಪ ಹತ್ತಿರ ಸರಿದರು. ಅಜ್ಜಿ ಬೀಳಲಿಲ್ಲ.

“ಆ ಜ್ವರದಿಂದ ಎದ್ದು ಬಂದ ಮಗಳೊಬ್ಬಳು ನಂಗೆ ಉಂಟು ಅಂತ ಹೇಳ್ಲಿಕ್ಕೆ ನಿಂಗೆ ಎಂತ ಕಷ್ಟ? ಇಷ್ಟು ವರ್ಷ ಅದನ್ನೇ ಕೇಳ್ಲಿಕ್ಕೆ ಕಾದದ್ದು ನಾನು.”

“ಅಮ್ಮಾ, ನಂಗೆ ನಿಲ್ಲಲಿಕ್ಕೆ ಆಗ್ತಾ ಇಲ್ಲ” ಅಂದಳು ಅಮ್ಮ. ಅಷ್ಟು ದಿನಗಳಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅಜ್ಜಿಯ ಸೊಂಟ ತಬ್ಬಿಕೊಂಡು ಅತ್ತಳು. ಅಜ್ಜಿ ಮೂರು ತಿಂಗಳಿದ್ದು, ಗಂಜಿಯಿಂದ ಅನ್ನಕ್ಕೆ, ಅನ್ನದಿಂದ ಮೊದಲಿನ ನಡಿಗೆಗೆ ಅವಳನ್ನು ತಂದು ಮುಟ್ಟಿಸಿಯೇ ಊರಿಗೆ ಹೊರಟಳು.

ಅಮ್ಮ ಆಮೇಲೆ ನಲವತ್ತು ವರ್ಷ ಬದುಕಿದಳು. ಮೈಗೆ ಸರಿಯಿಲ್ಲದ ದಿನ ಸರಿಯಿಲ್ಲ ಎಂದೇ ಹೇಳುತ್ತಿದ್ದಳು. ಕೊನೆಯ ಸಲವೂ ಫೋನಿನಲ್ಲಿ, “ಈ ಸಲ ಏಳ್ತೇನೆ ಅಂತ ಕಾಣುದಿಲ್ಲ, ನೀನು ಬಾ” ಅಂದಳು. ಹೇಳಿದ್ದಕ್ಕೆ ನಾನು ಹೊರಟೆ, ಹೊರಟದ್ದಕ್ಕೆ ಸಮಯಕ್ಕೆ ಮುಟ್ಟಿದೆ, ಮೂರು ದಿನ ಅವಳ ಹತ್ತಿರ ಕೂತಿದ್ದೆ.