ಟಿಟ್ಟಿಭದ ಸರ್ವೆ

ಹಕ್ಕಿ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಮೈಸೂರು ಜಿಲ್ಲೆಯಲ್ಲೇ ಇಲ್ಲ. ಹಕ್ಕಿಗಳೇ ನನ್ನ ಬಳಿ ಬಂದು ತಮ್ಮ ಹೆಸರು ಕೇಳಿಕೊಂಡು ಹೋಗುತ್ತವೆ! ಅಂಥ ನಾನು ಮುಂಗಾರಿಗೆ ಮೊದಲು ಬಿಳಿಗೆರೆಯ ಹೊಲವೊಂದರಲ್ಲಿ ದುರ್ಬೀನು ಹಿಡಿದು ನಿಂತಿದ್ದಾಗ, ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದ ಯಜಮಾನರು ಇಳಿದು ಬಂದರು.

"ಏನ್ ಸಾ ನೋಡ್ತಿರೋದು?"

"ಹಕ್ಕಿ ಸರ್ವೆ," ಎಂದೆ ಗತ್ತಿನಿಂದ.

ಆ ಪದಕ್ಕೇ ಅವರ ಹುಬ್ಬು ಗಂಟಿಕ್ಕಿತು.

"ಸರ್ವೆನಾ? ತಾಂಡ್ಯದ ತಾವೂ ಮೊದ್ಲು ಸರ್ವೆಯೋರೇ ಬಂದಿದ್ದು. ಆಮೇಲೆ ಒಲ ಓಯ್ತು, ಫ್ಯಾಕ್ಟ್ರಿ ಬಂತು. ಗುಬ್ಬಿಗೇನ್ ಒಲದ ಪಾಣಿ ಪತ್ರ ಐತಾ ಸರ್ವೆ ಮಾಡಕ್ಕೆ? ನಿಮ್ಮನ್ನ ಯಾರ್ ಕಳ್ಸಿದ್ದು?"

ಟ್ರ್ಯಾಕ್ಟರಿನ ದಾರಿಯಲ್ಲೇ ನೆಲದ ಮೇಲಿದ್ದ ಟಿಟ್ಟಿಭದ ಮೊಟ್ಟೆಗಳನ್ನು ತೋರಿಸಿದೆ. ಇನ್ನೊಂದು ಸಾಲು ಉತ್ತಿದ್ದರೆ ಮಣ್ಣುಪಾಲಾಗುತ್ತಿದ್ದವು. ತಾಯಿಹಕ್ಕಿ ನಮ್ಮಿಬ್ಬರನ್ನೂ ನಂಬದೆ ತಲೆಯ ಮೇಲೆ ಕಿರುಚುತ್ತಿತ್ತು.

"ಮರಿ ಆಗೋವರೆಗೆ ಇಷ್ಟು ಜಾಗ ಬಿಡಿ," ಎಂದು ಬೇಡಿಕೊಂಡೆ.

ಯಜಮಾನರು ನನ್ನನ್ನೂ ಮೊಟ್ಟೆಯನ್ನೂ ಬಹಳ ಹೊತ್ತು ದಿಟ್ಟಿಸಿ, ಸುತ್ತ ಕಡ್ಡಿ ನೆಟ್ಟರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕಿವಿಯ ಹತ್ತಿರ ಬಂದರು.

"ಬಿಡ್ತೀನಿ ಸಾ. ಆದ್ರೆ ಗೂಡು ಸಿಕ್ಕಿದ್ದು ನಮ್ ದಾಯಾದಿ ಒಲ್ದಲ್ಲಿ ಅಂತ ಬರ್ಕಳಿ."

ಹಾಗೇ ಬರೆದುಕೊಂಡೆ. ಈಗ ಆ ದಾಯಾದಿ, ಸರ್ವೆಯವನು ಯಾರು ಎಂದು ಊರೆಲ್ಲ ವಿಚಾರಿಸುತ್ತಿದ್ದಾನಂತೆ.