ರಜೆಗೆ ಬಂದ ಮಾರಮ್ಮ

ನಿಮ್ಮ ದೇಹಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆಯೇ? ನನ್ನದಕ್ಕೆ ಚೆನ್ನಾಗಿಯೇ ಬರುತ್ತದೆ. ವರ್ಷವಿಡೀ ಕಾರ್ಖಾನೆಯಲ್ಲಿ ಶಿಫ್ಟ್ ಮೇಲೆ ಶಿಫ್ಟ್ ಮಾಡಿದಾಗ ಒಂದು ಸೀನೂ ಬರಲಿಲ್ಲ. ವಾರ್ಷಿಕ ರಜೆ ಶುರುವಾದ ದಿನ ಹಲ್ಲುಜ್ಜುತ್ತಾ ಕನ್ನಡಿ ನೋಡಿದರೆ, ಹಣೆಯ ಮೇಲೆ ನೀರು ತುಂಬಿದ ಗುಳ್ಳೆ! ಮಧ್ಯಾಹ್ನದೊಳಗೆ ಅದರ ನೆಂಟರಿಷ್ಟರೆಲ್ಲ ಬಂದಿಳಿದರು, ಜೊತೆಗೆ ಜ್ವರವನ್ನೂ ಕರೆದುಕೊಂಡು.

ಅವತ್ತು ಸಂಜೆಯೇ ನಾವು ಕನ್ಯಾಕುಮಾರಿಗೆ ಹೊರಡಬೇಕಿತ್ತು. ನಾನು, ಹೆಂಡತಿ ಮಂಜುಳಾ, ಅವ್ವ. ಅವ್ವ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಆಸೆ ಇಲ್ಲ ಅಂತಲ್ಲ, ಮನೆಯಲ್ಲಿ ಎರಡು ಹಸು ಇವೆ ಅಂತ. (ಗಡಿಯಾಚೆ ತಮಿಳು ಸೀಮೆಯಲ್ಲಿರುವ ನಮ್ಮ ಅವಲಪಲ್ಲಿಯಲ್ಲಿ ಸುತ್ತಲೂ ಲೇಔಟ್ ಎದ್ದರೂ ನಮ್ಮ ಕೊಟ್ಟಿಗೆ ಮಾತ್ರ ಅಲ್ಲಾಡಿಲ್ಲ.) ತನ್ನ ಕೈಗಲ್ಲದೆ ಬೇರೆಯವರಿಗೆ ಅವು ಸರಿಯಾಗಿ ಹಾಲು ಕೊಡುವುದಿಲ್ಲ ಎಂಬುದು ಅವಳ ನಂಬಿಕೆ. ಈ ಸಲ ಹೇಗೋ ಚಿಕ್ಕಮ್ಮನನ್ನು ಊರಿನಿಂದ ಕರೆಸಿ, ಕೊಟ್ಟಿಗೆ ಒಪ್ಪಿಸಿ, ಹೊಸ ಚಪ್ಪಲಿಯನ್ನೂ ಕೊಂಡುಕೊಂಡಿದ್ದಳು.

ನನ್ನ ಹಣೆ ನೋಡಿದವಳೇ ಆ ಚಪ್ಪಲಿಯನ್ನು ಕವರ್ ಸಮೇತ ಅಟ್ಟಕ್ಕೆ ಹಾಕಿದಳು. ಬೇವಿನ ಸೊಪ್ಪು ತಂದು ಬಾಗಿಲಿಗೆ ಸಿಕ್ಕಿಸಿದಳು.

"ಆಸ್ಪತ್ರೆಗೆ ಹೋಗ್ಬತ್ತೀನಿ ಕಣವ್ವ" ಅಂದೆ.

"ಸುಮ್ಕೆ ಮನೀಕೊ ಕಣ್ಲಾ. ಮಾರಮ್ಮ ಮನೆಗ್ ಬಂದವ್ಳೆ. ಬಂದೋಳ್ಗೆ ಸೂಜಿ ಚುಚ್ಚುಸ್ತಾರಾ?"

ನಮ್ಮ ಕಡೆ ಹಾಗೇ. ಚಿಕನ್‌ಪಾಕ್ಸ್ ಡಾಕ್ಟರ ಪಾಲಿಗೆ ಕಾಯಿಲೆ, ಮನೆಯಲ್ಲಿ ಅತಿಥಿ. ಒಗ್ಗರಣೆ ಹಾಕುವಂತಿಲ್ಲ, ಔಷಧಿ ಮುಟ್ಟುವಂತಿಲ್ಲ. ಬೇವಿನ ನೀರು ಹುಯ್ದು ಕಳಿಸಿಕೊಡುವವರೆಗೆ ಆಯಮ್ಮನದೇ ರಾಜ್ಯ. ಮೈ ಕೆರೆದುಕೊಂಡರೆ ಬೈಗುಳ, ಅದೂ ಮೆತ್ತಗೆ. (ಅತಿಥಿಗೆ ಕೇಳಿಸಬಾರದಲ್ಲ.) ಅವ್ವ ಪಕ್ಕದಲ್ಲೇ ಕೂತು ಬೇವಿನ ಸೊಪ್ಪಿನಿಂದ ಮೈ ಸವರುತ್ತಿದ್ದಳು, ಮಜ್ಜಿಗೆ ಕುಡಿಸುತ್ತಿದ್ದಳು, ಸಮುದ್ರದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ.

ಗುಳ್ಳೆ ಒಣಗುವ ಹೊತ್ತಿಗೆ ರಜೆಯೂ ಮುಗಿದಿತ್ತು. ರಾಗಿ ಕೊಯ್ಲು ಬಂತೆಂದು ಚಿಕ್ಕಮ್ಮ ಊರಿಗೆ ಹೊರಟುಹೋದಳು.

ಹೋದ ರಜೆಯನ್ನು ಬಿಡುವುದುಂಟೇ? ಮೂಕಂಡಪಲ್ಲಿಯ ನಮ್ಮ ಕಾರ್ಖಾನೆಗೆ ಹೋದವನೇ ಎಚ್‌ಆರ್ ಸಾರ್ ಮುಂದೆ ನಿಂತೆ. ರಜೆಯಲ್ಲಿ ಕಾಯಿಲೆ ಬಿದ್ದರೆ ಆ ದಿನಗಳನ್ನು ಸಿಕ್ ಲೀವ್‌ಗೆ ಹಾಕಿ, ವಾರ್ಷಿಕ ರಜೆ ವಾಪಸ್ ಕೊಡುವ ರೂಲ್ ನಮ್ಮಲ್ಲಿದೆ. ಸಾರ್ ಧರ್ಮಪುರಿ ಕಡೆಯ ತಮಿಳರು, ಕನ್ನಡವನ್ನು ನಮ್ಮ ಬಾಯಿಂದಲೇ ಕಲಿತವರು.

"ಡಾಕ್ಟರ್ ಸರ್ಟಿಫಿಕೇಟ್ ಕೊಡಪ್ಪಾ."

"ಡಾಕ್ಟರ್ ಹತ್ರ ಹೋಗಿಲ್ಲ ಸಾರ್. ಅಮ್ಮೈ ಬಂದಿತ್ತು" ಅಂದೆ, ಮಾರಮ್ಮನಿಗೆ ಅವರ ತಮಿಳಿನ ಹೆಸರನ್ನೇ ಹಿಡಿದು.

ಸಾರ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಭಕ್ತಿಯಿಂದ ಎರಡೂ ಕೆನ್ನೆ ತಟ್ಟಿಕೊಂಡರು. ಆದರೆ ಕಂಪ್ಯೂಟರ್ ಕೆನ್ನೆ ತಟ್ಟಿಕೊಳ್ಳುತ್ತದೆಯೇ? ಸರ್ಟಿಫಿಕೇಟ್ ಅಪ್‌ಲೋಡ್ ಆಗದೆ ಅದು ಮುಂದಕ್ಕೇ ಹೋಗಲೊಲ್ಲದು.

"ನನ್ ಮುಖ ನೋಡಿ ಸಾರ್, ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?"

"ನಾನ್ ನೋಡ್ತೀನಿ. ಸಿಸ್ಟಮ್ ನೋಡಲ್ಲ. ಮನೇಲಿ ಯಾರಾದ್ರೂ ಹೇಳಲಿ, ನಾನ್ ಮೇಲಿನೋರ ಹತ್ರ ಮಾತಾಡ್ತೀನಿ."

ತಕ್ಷಣ ಅವ್ವನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಮಗನಿಗೆ ಕಾಯಿಲೆ ಆಗಿತ್ತೇ ಎಂದು ಸಾರ್ ಕೇಳಿದರು.

"ಕಾಯ್ಲೆನಾ? ಯಾರ್ ಯೋಳಿದ್ದು? ಆಯಮ್ಮ ಬಂದು ತಣ್ಗೆ ಒಂಟೋದ್ಲು ಸಾಮಿ. ಕಾಯ್ಲೆ ಗೀಯ್ಲೆ ಅಂತ ಬರೀಬ್ಯಾಡಿ, ಕ್ವಾಪ ಮಾಡ್ಕಂತಾಳೆ!"

ಫೋನ್ ಕಟ್. ಯಾರ ಸಮುದ್ರಕ್ಕಾಗಿ ನಾನು ಜಗ್ಗಾಡುತ್ತಿದ್ದೇನೋ ಅವಳೇ ಎದುರು ಪಾರ್ಟಿಯ ವಕೀಲೆ!

ಸಾರ್ ನಕ್ಕರು. "ನೆಂಟರು ಬಂದಾಗ ಮನೇಲಿರೋಕೆ ತಾನೇ ಆನ್ಯುಯಲ್ ಲೀವ್ ಕೊಡೋದು?"

ನಾನು ಅಲ್ಲಿಂದ ಕದಲಲಿಲ್ಲ. ಅವರಿಗೆ ಏನನ್ನಿಸಿತೋ, "ಆ ಗುಳ್ಳೆ ಹೊತ್ಕೊಂಡು ಡ್ಯೂಟಿಗೆ ಬಂದಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಿದ್ದೆ ಅಲ್ವಾ?" ಎಂದು ಗೊಣಗುತ್ತಾ ಮೌಸ್ ಉರುಳಿಸಿದರು. ಕಂಪ್ಯೂಟರಿನಲ್ಲಿ, ಕೊರೊನಾ ಕಾಲದಲ್ಲಿ ಸೇರಿಸಿ ತೆಗೆಯಲು ಮರೆತ ಒಂದು ಲೀವ್ ತಳದಲ್ಲಿ ಕೂತಿತ್ತು. ಕ್ವಾರಂಟೈನ್ ಲೀವ್! ಅದಕ್ಕೆ ಡಾಕ್ಟರ್ ಬೇಡ, ಎಚ್‌ಆರ್ ಒಪ್ಪಿದರೆ ಸಾಕು. ಕಾಯಿಲೆ ಎನ್ನುವ ಪದವೂ ಇಲ್ಲ, ಮನೆಯಲ್ಲೇ ಇದ್ದ ಅಂತಷ್ಟೇ. ಸಾರ್ ನನ್ನ ದಿನಗಳನ್ನೆಲ್ಲ ಅದಕ್ಕೆ ಹಾಕಿ ಒಪ್ಪಿಗೆ ಒತ್ತಿದರು. ಮಾರಮ್ಮನಿಗೂ ಸರಿ, ಮ್ಯಾನೇಜ್‌ಮೆಂಟಿಗೂ ಸರಿ.

ಸಂಜೆ ಮನೆಗೆ ಓಡಿ ಬಂದು, "ಅವ್ವ, ರಜ ವಾಪಸ್ ಸಿಕ್ತು! ನಡಿ ಸಮುದ್ರಕ್ಕೆ" ಅಂದೆ.

ಅವ್ವ ಹುಲ್ಲು ಹಾಕುತ್ತಿದ್ದಳು. "ನಿನ್ಗೆ ಸಿಕ್ತು ಕಣ್ಲಾ. ಹಸುಗೋಳ್ನ ಯಾರ್ ನೋಡ್ಕಂತಾರೆ? ನೀನೂ ನಿನ್ನೆಡ್ತೀನೂ ಓಗ್ಬನ್ನಿ" ಅಂದಳು.

ನಮ್ಮ ಮನೆಯಲ್ಲಿ ರಜೆ ಕಳೆದುಕೊಂಡವನು ನಾನೊಬ್ಬನೇ ಅಂದುಕೊಂಡಿದ್ದೆ! ಮದುವೆಯಾಗಿ ಬಂದಂದಿನಿಂದ ಕೊಟ್ಟಿಗೆ ಬಿಟ್ಟು ಕದಲದವಳಿಗೆ ಒಂದೇ ಒಂದು ರಜೆ ಸಿಕ್ಕಿತ್ತು. ಅದನ್ನು ಅವಳು ನನಗೆ ಬೇವಿನ ಸೊಪ್ಪು ಸವರುತ್ತಾ ಕಳೆದಿದ್ದಳು. ನನಗಾದರೆ ಕೇಳಲು ಎಚ್‌ಆರ್ ಇದ್ದಾರೆ. ದನ ಕಟ್ಟಿದವರಿಗೆ, ಅಡುಗೆಮನೆ ಕಾಯುವವರಿಗೆ ಯಾರಿದ್ದಾರೆ ಹೇಳಿ? ಜ್ವರ ಬಂದ ದಿನವೂ ಅವರೇ ಎದ್ದು ಒಲೆ ಹಚ್ಚಬೇಕು. ಅವರ ಖಾತೆಯಲ್ಲಿ ಯಾವ ಲೀವೂ ಇಲ್ಲ, ಇದ್ದರಲ್ಲವೇ ವಾಪಸ್ ಕೇಳಲು?

ಹಾಗಾಗಿ ನಾನೇ ಹಾಲು ಕರೆಯಲು ಕಲಿತೆ. "ಒದೀತಾಳೆ ಕಣ್ಲಾ ಗೌರಿ, ಉಸಾರು" ಎಂದು ಅವ್ವ ಹಿಂದೆ ನಿಂತು ಕಲಿಸಿದಳು. ಕೈ ಕುದುರಿತು ಎಂದು ಅವಳು ಒಪ್ಪಲಿಲ್ಲ. ನಾವು ಕೇಳಲಿಲ್ಲ. ಅತ್ತೆ ಸೊಸೆ ಇಬ್ಬರನ್ನೂ ರೈಲು ಹತ್ತಿಸಿ, ವಾಪಸ್ ಸಿಕ್ಕಿದ ರಜೆಯನ್ನು ನಾನು ಕೊಟ್ಟಿಗೆಗೆ ಹಾಕಿದೆ.

ಮಾರನೇ ದಿನ ಮಂಜುಳಾಳ ಫೋನಿನಲ್ಲಿ ಅವ್ವ. ಹಿಂದೆ ಅಲೆಗಳ ಅಬ್ಬರ.

"ಏನ್ ನೀರ್ಲಾ ಇದು! ಕಣ್ ಸಾಲಕಿಲ್ಲ ಕಣ್ಲಾ..." ಎಂದಳು. ಆಮೇಲೆ, "ಗೌರಿ ಆಲ್ ಕೊಟ್ಳಾ?"

ಗೌರಿ ಆಗಷ್ಟೇ ಬಕೆಟ್ಟಿಗೆ ಝಾಡಿಸಿ ಒದ್ದಿದ್ದಳು. ಹಾಲೆಲ್ಲ ನನ್ನ ಅಂಗಿಯ ಮೇಲಿತ್ತು.

"ಬಕೆಟ್ ತುಂಬ ಕೊಟ್ಳು ಕಣವ್ವ" ಅಂದೆ.

ರಜೆಯಲ್ಲಿರುವವರಿಗೆ ಆಫೀಸಿನ ವಿಷಯ ಹೇಳಿ ತಲೆ ಕೆಡಿಸಬಾರದು, ಅಲ್ಲವೇ?