ಅವರ ಸ್ಟೀರಿಂಗೂ ನನ್ನ ಎಡಗಡೆಯ ಸೀಟೂ

ಬೆಳಿಗ್ಗೆ ಎದ್ದು ಕೂಲರಿಗೆ ನೀರು ತುಂಬಿಸಿದೆ. ರಾತ್ರಿ ಹೆಪ್ಪು ಹಾಕಿದ್ದ ಮೊಸರು ಬಿಸಿಲಿಗೆ ಹುಳಿಯಾಗುವ ಮೊದಲು ಫ್ರಿಜ್ಜಿನಲ್ಲಿಟ್ಟೆ. ನಮ್ಮವರ ಕಣ್ಣಿಗೆ ಹನಿ ಬಿಟ್ಟೆ. ಜೋಳದ ಹಿಟ್ಟು ಜರಡಿ ಹಿಡಿದೆ. ಬದನೆಕಾಯಿಗೆ ತುಂಬಲು ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಗ್ಯಾಲರಿಯಲ್ಲಿ ನಿಂತು ತೂರಿದೆ. ದೊಡ್ಡ ಚಾದರ ಒಗೆದು, ಹಿಂಡುವಾಗ ಇನ್ನೊಂದು ತುದಿ ಹಿಡಿಯಿರೆಂದು ಅವರನ್ನು ಕೂಗಿದೆ. ಕೆಳಗಿನ ಮನೆಗೆ ಹೋಗಿದ್ದರು. ಒಂದು ತುದಿಯನ್ನು ನಲ್ಲಿಗೆ ಸುತ್ತಿ ಒಬ್ಬಳೇ ಹಿಂಡಿದೆ.

ಕೆಳಗಿನ ಮನೆಯಾಕೆ ಮೈಸೂರು ಕಡೆಯವಳು. ಗಂಡ ವಾಯುಪಡೆಯಲ್ಲಿದ್ದಾನೆ. ನಾಗಪುರದಿಂದ ಅವನಿಗೆ ವರ್ಗವಾದಾಗ ಈಕೆ ಶಾಲೆಯ ಕೆಲಸ ಬಿಡಲು ಮನಸ್ಸಾಗದೆ ಇಲ್ಲೇ ಉಳಿದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು, ಅಷ್ಟೇ. ಆದರೂ ನನ್ನನ್ನು ಆಂಟಿ ಅನ್ನುತ್ತಾಳೆ. ನನ್ನ ಗಂಡನನ್ನು ಅಂಕಲ್ ಅನ್ನುವುದಿಲ್ಲ, ಸಾರ್ ಅನ್ನುತ್ತಾಳೆ. ಈ ಮಾತನ್ನು ನಾನು ಯಾರ ಮುಂದೆಯೂ ಆಡಿಲ್ಲ. ಗಮನಿಸಿದ್ದೇನೆ.

ಆಕೆಯ ಮನೆಯಲ್ಲಿ ಒಂದು ಕಂಪ್ಯೂಟರಿದೆ. ಅದರ ಮುಂದಿನ ಮೇಜಿಗೆ ಕಾರಿನ ಸ್ಟೀರಿಂಗ್ ಬಿಗಿದಿದ್ದಾಳೆ, ಕೆಳಗೆ ಕಾಲಿಗೆ ಬ್ರೇಕು, ಎಕ್ಸಿಲರೇಟರು. ಪರದೆಯ ಮೇಲೆ ರೇಸಿನ ಕಾರು ಓಡುತ್ತದೆ. ಅದು ಆಟದ ಸಾಮಾನು ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ. ಅದರೊಳಗೆ ಮೋಟಾರು ಇದೆ. ಪರದೆಯ ಮೇಲಿನ ಕಾರು ತಿರುವಿನಲ್ಲಿ ಜಗ್ಗಿದರೆ ಈ ಸ್ಟೀರಿಂಗ್ ಬಿಗಿಯಾಗುತ್ತದೆ, ಗಾಲಿ ರಸ್ತೆಯ ಅಂಚು ಹತ್ತಿದರೆ ಕೈಯಲ್ಲಿ ಗಡಗಡ ಅನ್ನುತ್ತದೆ. ಅದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅನ್ನುತ್ತಾರೆಂದು ನಮ್ಮವರು ನನಗೆ ಊಟದ ಹೊತ್ತಿಗೆ ಹೇಳಿದರು, ಚಹಾದ ಹೊತ್ತಿಗೆ ಹೇಳಿದರು, ನಾನು ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ನಿಂತು ಹೇಳಿದರು.

ಅವರು ಈಗ ಕಾರು ಓಡಿಸುವಂತಿಲ್ಲ. ಗ್ಲಾಕೋಮಾ. ಎದುರಿಗಿರುವುದೆಲ್ಲ ಚೊಕ್ಕಟವಾಗಿ ಕಾಣುತ್ತದೆ, ಬದಿಯದು ಕಾಣುವುದಿಲ್ಲ, ಎಡಗಡೆಯಂತೂ ಇಲ್ಲವೇ ಇಲ್ಲ. ಧರಮಪೇಠದ ಡಾಕ್ಟರು ಹೋದ ದೀಪಾವಳಿಯ ಆಸುಪಾಸಿನಲ್ಲಿ ‘ಇನ್ನು ಗಾಡಿ ಬೇಡ’ ಅಂದರು. ಕನ್ಹಾನ್ ಊರಿನವರೊಬ್ಬರು ಬಂದು ಕಾರು ಕೊಂಡು ಒಯ್ದರು. ಕೀಲಿಕೈ ಕೊಡುವಾಗ ಇವರು ನಕ್ಕರು. ಆಮೇಲೆ ಬಹಳ ದಿನ ನಗಲಿಲ್ಲ.

ಆ ಕಾರಿನ ಎಡಗಡೆಯ ಸೀಟು ನನ್ನದಾಗಿತ್ತು. ಅಲ್ಲಿ ನಾನು ಸುಮ್ಮನೆ ಕೂತವಳಲ್ಲ. ‘ಎಡಕ್ಕ ಆಟೋ ಐತಿ’, ‘ಎಮ್ಮಿ ಎದ್ದು ನಿಂತತಿ, ಸಾವಕಾಶ’, ‘ಲಾರಿಯವ ಇಂಡಿಕೇಟರ್ ಹಾಕಿಲ್ಲ ಖರೆ, ತಿರಗ್ತಾನ ನೋಡ್ರಿ’ ಎಂದು ಹೇಳುತ್ತಿದ್ದೆ. ತೀರ ಹತ್ತಿರ ಬಂದರೆ ಮಾತಾಡುವುದಕ್ಕೂ ವೇಳೆ ಇರುವುದಿಲ್ಲವಲ್ಲ, ಆಗ ಎರಡು ಬೆರಳು ಅವರ ಮಣಿಕಟ್ಟಿಗೆ ತಾಗಿಸಿದರೆ ಸಾಕು, ಕಾರು ಬಲಕ್ಕೆ ಸರಿಯುತ್ತಿತ್ತು. ವರ್ಷಕ್ಕೊಮ್ಮೆ ಸೊಲ್ಲಾಪುರದ ಮೇಲೆ ಹಾದು ವಿಜಯಪುರಕ್ಕೆ ಹೋಗುತ್ತಿದ್ದದ್ದು ಹೀಗೆಯೇ, ನನ್ನ ಬಾಯಿ, ಅವರ ಕೈ. ಮನೆಯಲ್ಲಿ ನಾನು ಆಡಿದ್ದು ಅವರ ಕಿವಿಗೆ ಬೀಳುವುದಿಲ್ಲ. ಕಾರಿನಲ್ಲಿ ಒಂದು ಮಾತೂ ವ್ಯರ್ಥವಾಗುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನ್ನ ಮಾತನ್ನು ಪೂರ್ತಿ ಕೇಳಿದ ಜಾಗ ಅದೊಂದೇ ಎಂದರೆ ಸುಳ್ಳಾಗದು.

ಇಂಥ ಮನುಷ್ಯ ಮೊದಲ ಸಲ ಕೆಳಗಿನ ಮನೆಯ ಸ್ಟೀರಿಂಗ್ ತಿರುಗಿಸಿ ನೋಡಿ ಬಂದ ದಿನ ಬಾಗಿಲಲ್ಲೇ ನಿಂತು ಹೇಳಿದ್ದು ಇದು:

“ಏ, ಆ ಸ್ಟೀರಿಂಗ್ ಮಾತಾಡತೈತಿ! ಎಡಗಡಿ ಗಾಲಿ ರೋಡ್ ಬಿಟ್ಟರ ಕೈಗೆ ಗೊತ್ತಾಗತೈತಿ. ಯಾರೂ ಹೇಳೂದೇ ಬ್ಯಾಡ!”

ಯಾರೂ ಹೇಳೂದೇ ಬ್ಯಾಡವಂತೆ. ನಾನು ಕೊತ್ತಂಬರಿ ಆರಿಸುತ್ತಿದ್ದೆ. ಎಲೆ ಬಿಸಾಕಿ ದಂಟು ತಟ್ಟೆಗೆ ಹಾಕಿದೆನೆಂದು ಆಮೇಲೆ ನೋಡಿದೆ.

ಅಂದಿನಿಂದ ಶುರುವಾಯಿತು, ನಮ್ಮ ಮನೆಗೂ ಒಂದು ಬೇಕು ಎಂಬುದು. ಕೆಳಗೆ ಹೋಗುವ ಮುನ್ನ ತಲೆ ಬಾಚುವುದೂ ಶುರುವಾಯಿತು. ಮನೆಯಲ್ಲಿ ತೂತುಬಿದ್ದ ಬನಿಯನ್ನಿನಲ್ಲಿ ಇರುವವರು ಕಾಲರಿನ ಅಂಗಿ ತೊಡುವರು. ನಾನು ಕೇಳಿದರೆ, “ಆಕಿ ಬಾಳ ಚಂದ ತಿಳಿಸಿ ಹೇಳ್ತಾಳ. ಗಣಿತದ ಟೀಚರ್ ಅಲ್ಲೇನ!” ಅನ್ನುವರು. ಕುಕ್ಕರಿನ ಸೀಟಿ ಮೂರಾದರೆ ಆರಿಸಿರೆಂದು ನಾನು ಎಷ್ಟು ಚಂದ ತಿಳಿಸಿ ಹೇಳಿದರೂ ಇವರಿಗೆ ಹತ್ತುವುದಿಲ್ಲ.

ಒಬ್ಬಳೇ ಚಾದರ ಹಿಂಡಿದ ಆ ದಿನ ಬಿಸಿಲು ಇಳಿದ ಮೇಲೆ ಮೂವರೂ ಕಂಪ್ಯೂಟರ್ ಅಂಗಡಿಗೆ ಹೊರಟೆವು. ಆಟೋದಲ್ಲಿ ನಾನು ನಡುವೆ ಕೂತೆ. ಬೇಕೆಂದೇ.

ಅಂಗಡಿಯವನು ತರುಣ. “ಯಾ ಕಾಕೂ, ಬಸಾ” ಎಂದು ಸ್ಟೂಲು ಎಳೆದು ಕೊಟ್ಟ. ಮೂರು ಸ್ಟೀರಿಂಗ್ ಸಾಲಾಗಿ ಬಿಗಿದಿಟ್ಟಿದ್ದ. ಮೊದಲನೆಯದರಲ್ಲಿ ಮೋಟಾರಿನ ಬಲವೇ ಇಲ್ಲ, ಮೊಬೈಲಿನ ಹಾಗೆ ಗುಂಯ್ ಎಂದು ನಡುಗುತ್ತದೆ, ಮುಗಿಯಿತು. ಎರಡನೆಯದರ ಒಳಗೆ ಹಲ್ಲಿನ ಗಾಲಿಗಳು, ತಿರುಗಿಸಿದರೆ ಕಟಕಟ ಸದ್ದು. ಮೂರನೆಯದು ಡೈರೆಕ್ಟ್ ಡ್ರೈವ್, ಅಂದರೆ ನಡುವೆ ಏನೂ ಇಲ್ಲದೆ ಸ್ಟೀರಿಂಗನ್ನು ಮೋಟಾರಿನ ಅಚ್ಚಿಗೇ ಕೂರಿಸಿದ್ದು. ನೋಡಲು ಗಿಡ್ಡಗೆ ಕರ್ರಗೆ ಇತ್ತು, ಆದರೆ ಅಂಗಡಿಯವನೇ ಅದನ್ನು ಮುಟ್ಟುವಾಗ ಸ್ವಲ್ಪ ಹುಷಾರಾಗಿರುತ್ತಿದ್ದ.

ನನ್ನ ಮನಸ್ಸು ಮೊದಲನೆಯದರ ಮೇಲೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಬರೀ ನಡುಗುವುದಕ್ಕೆ ಎಡ ಯಾವುದು, ಬಲ ಯಾವುದು ಗೊತ್ತಿರುವುದಿಲ್ಲ. ಗೊತ್ತಿದ್ದವರು ಒಬ್ಬರು ಪಕ್ಕದಲ್ಲಿ ಬೇಕಾಗುತ್ತಾರೆ.

“ಇದ ಚಲೋ ಐತ್ರಿ, ಹಗೂರ ಐತಿ, ಒರಸಲಿಕ್ಕೂ ಸಲೀಸು,” ಅಂದೆ.

“ಅದರಲ್ಲಿ ಏನೂ ಗೊತ್ತಾಗಲ್ಲ ಆಂಟಿ,” ಅಂದಳು ಆಕೆ. “ಗಿಲಕಿ ಹಿಡ್ಕೊಂಡು ಕಾರು ಓಡಿಸಿದ ಹಾಗೆ. ಸಾರ್, ನೀವು ಮೂರನೇದು ಟ್ರೈ ಮಾಡಿ.”

ಸಾರ್ ಮಾಡಿದರು. ಪರದೆಯ ಮೇಲೆ ಹಸಿರು ಗುಡ್ಡದ ನಡುವಿನ ರಸ್ತೆ. ಎರಡನೇ ತಿರುವಿನಲ್ಲೇ ಎಡಗಡೆಯ ಗಾಲಿ ಹುಲ್ಲಿಗೆ ಇಳಿಯಿತು, ಸ್ಟೀರಿಂಗ್ ಕೈಯಲ್ಲಿ ಜಿಗಿದಂತಾಯಿತು, ಇವರು ತಕ್ಷಣ ಬಲಕ್ಕೆ ಎಳೆದು ರಸ್ತೆಗೆ ಬಂದರು.

“ಹೇಳ್ತು ನೋಡ! ಹೇಳ್ತು!” ಎಂದು ಅಂಗಡಿ ತುಂಬ ಕೇಳುವಂತೆ ನಕ್ಕರು. ಕೀಲಿಕೈ ಕೊಟ್ಟ ದಿನದ ನಗು ಅಲ್ಲ, ಹಳೆಯ ನಗು. ಅದಕ್ಕಾಗಿ ನಾನು ಅಷ್ಟು ದಿನ ಕಾದಿದ್ದೆ, ಬಂದದ್ದು ಆ ಕರಿ ಡಬ್ಬಿಗೆ.

“ನೀನೂ ಹಿಡದ ನೋಡ ಬಾ,” ಅಂದರು.

ಹಿಡಿದೆ. ಹಿಡಿದ ಕೂಡಲೇ ತಿಳಿಯಿತು. ಒದ್ದೆ ಚಾದರ ಹಿಂಡುವಾಗ ಇನ್ನೊಂದು ತುದಿಯನ್ನು ಬಲ್ಲವರು ಯಾರೋ ಹಿಡಿದಿದ್ದರೆ ಕೈಗೆ ಗೊತ್ತಾಗುತ್ತದಲ್ಲ, ನಾವು ತಿರುಚಿದಷ್ಟೇ ಅವರೂ ತಿರುಚುತ್ತಾರೆ, ನಾವು ಸಡಿಲಿಸಿದರೆ ಅವರೂ ಸಡಿಲಿಸುತ್ತಾರೆ, ಹಾಗಿತ್ತು. ಕೆಲಸ ಚೆನ್ನಾಗಿ ಮಾಡುತ್ತಿತ್ತು, ನನಗಿಂತ ಜಲ್ದಿ. ಅದರ ಮೇಲೆ ನನಗೆ ಬಂದಷ್ಟು ಸಿಟ್ಟು ಆ ಹೊತ್ತು ಕೆಳಮನೆಯಾಕೆಯ ಮೇಲೂ ಇರಲಿಲ್ಲ.

ಇಲ್ಲಿ ನಮ್ಮಿಬ್ಬರ ಒಂದು ಪದ್ಧತಿ ಹೇಳಬೇಕು. ಗಾಂಧಿಬಾಗಿನ ಗಲ್ಲಿಗಳಲ್ಲಿ ಬಟ್ಟೆ, ಪಾತ್ರೆ, ಗಾದಿಯ ಅರಳೆ ಏನೇ ಕೊಳ್ಳಲಿ, ನನಗೆ ಮನಸ್ಸಿಗೆ ಬಂದ ವಸ್ತುವನ್ನು ನಾನು ಕೈಯಿಂದ ಬಿಡುತ್ತೇನೆ, ಮೋರೆ ಸಿಂಡರಿಸುತ್ತೇನೆ, ಸೆರಗು ಕೊಡವಿ ಅಂಗಡಿಯ ಮೆಟ್ಟಿಲು ಇಳಿಯುತ್ತೇನೆ. ಅದೇ ಗುರುತು. ಇವರು ಒಳಗೆ ಉಳಿದು ‘ಮನೆಯಾಕೆ ಹೊರಟೇಹೋದಳಲ್ಲ’ ಎಂದು ಅಂಗಡಿಯವನಿಂದ ಬೆಲೆ ಇಳಿಸುತ್ತಾರೆ. ವರ್ಷಗಟ್ಟಲೆ ನಡೆದುಬಂದದ್ದು, ಎಂದೂ ತಪ್ಪಿಲ್ಲ.

ಅವತ್ತು ನನಗೆ ಅದರ ನೆನಪೇ ಇರಲಿಲ್ಲ. ಖರೇ ಸಿಟ್ಟಿನಿಂದಲೇ ಸ್ಟೀರಿಂಗ್ ಬಿಟ್ಟೆ, ಮೋರೆ ತಾನಾಗಿಯೇ ಗಂಟಾಯಿತು, “ಇದು ಬ್ಯಾಡ, ನಡೀರಿ ಮನಿಗೆ” ಅಂದೆ, ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ.

ನಾನು ಹೊಸ್ತಿಲು ದಾಟಿದ್ದೇ ತಡ, ಒಳಗೆ ಇವರ ದನಿ ಏರಿತು.

“ದೇಖೋ ಭಯ್ಯಾ, ಮೇಡಂ ತೋ ಗಯೀ! ಅಬ್ ಬರೋಬರ್ ಬೋಲೋ!”

ಗಾಂಧಿಬಾಗಿನ ದನಿ. ನನ್ನ ಸಿಟ್ಟನ್ನು ಅವರು ನಮ್ಮ ಗುರುತು ಎಂದುಕೊಂಡಿದ್ದರು. ತಿರುಗಿ ಒಳಗೆ ಹೋಗಿ, ‘ಅಲ್ರೀ, ಇವತ್ತು ಖರೇನ ಬ್ಯಾಡ’ ಅನ್ನಬಹುದಿತ್ತು. ಅಂದರೆ ಯಾಕೆಂದು ಕೇಳುತ್ತಾರೆ. ಆಕೆಯ ಮುಂದೆ ಯಾಕೆಂದು ಹೇಗೆ ಹೇಳಲಿ? ನಿಂತಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಇವರು ಡಬ್ಬಿ ಅಪ್ಪಿಕೊಂಡು, ಕಣ್ಣು ಅರಳಿಸಿಕೊಂಡು ಹೊರಬಂದರು.

“ಭೇಷ್! ಎಂಥಾ ಟೈಮಿಗೆ ಎದ್ದಿ ನೋಡ! ಕಾಲಿಂದು ಬ್ರೇಕು ಎಕ್ಸಿಲರೇಟರ್ ಬ್ಯಾರೆ ಕೊಳ್ಳಬೇಕಿತ್ತು, ಪುಗಸಟ್ಟೆ ಹಾಕಿಸಿದ್ನಿ!”

“ಆಂಟಿ, ನಿಮಗೆ ನಿಜವಾಗಲೂ ಕೋಪ ಬಂತು ಅಂದ್ಕೊಂಡೆ. ಏನು ಆಕ್ಟಿಂಗ್ ಅಪ್ಪಾ!” ಅಂದಳು ಆಕೆ.

ಬರುವಾಗ ಆಟೋದಲ್ಲಿ ನಡುವೆ ಕೂತದ್ದು ಡಬ್ಬಿ.

ಮನೆಗೆ ಬಂದು ಆಕೆ ಸದ್ಯಕ್ಕೆ ತನ್ನ ಕಂಪ್ಯೂಟರನ್ನೇ ಮೇಲೆ ತಂದಿಟ್ಟು, ಸ್ಟೀರಿಂಗನ್ನು ನಮ್ಮ ಊಟದ ಮೇಜಿಗೇ ಬಿಗಿದಳು. ಇವರು ಎದುರಿನ ಕುರ್ಚಿಯಲ್ಲಿ ಕೂತರು. ಏನೇನೋ ಹೊಂದಿಸಬೇಕೆಂದು ಆಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಎಡಗಡೆ ಕೂತಳು. ಎಡಗಡೆಯೇ. ಬಲಗಡೆ ಎಷ್ಟು ಜಾಗವಿತ್ತು! ನಾನು ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದೆ. ಅವತ್ತಿನ ರೊಟ್ಟಿಯಷ್ಟು ತೆಳ್ಳಗಿನ ರೊಟ್ಟಿಯನ್ನು ನಾನು ಹಿಂದೆಂದೂ ಬಡಿದಿಲ್ಲ.

ಒಳಗಿನಿಂದ ಎಲ್ಲ ಕೇಳುತ್ತಿತ್ತು. ‘ಹೇಳ್ತು, ಹೇಳ್ತು’ ಎಂಬ ಇವರ ಸಡಗರ, ‘ಸೂಪರ್ ಸಾರ್’ ಎಂಬ ಆಕೆಯ ಮಾತು. ಆಮೇಲೆ ಆಟ ಬದಲಾಯಿತು. ಈಗಿನದು ರ‍್ಯಾಲಿಯಂತೆ, ಕಾಡಿನ ಮಣ್ಣುದಾರಿ. ಅದರಲ್ಲಿ ಒಬ್ಬ ಗಂಡಸಿನ ದನಿ ಇಂಗ್ಲಿಷಿನಲ್ಲಿ ಬಿಡುವಿಲ್ಲದೆ ಏನೋ ಒದರುತ್ತಿತ್ತು. ಕೈಯಲ್ಲಿ ಹಿಟ್ಟಿದ್ದ ಹಾಗೇ ಬಾಗಿಲಿಗೆ ಬಂದೆ.

“ಯಾರವ?”

“ಕೋ ಡ್ರೈವರ್. ಪಕ್ಕದ ಸೀಟಿನಾಂವ. ಮುಂದ ಯಾವ ತಿರುವು ಬರತೈತಿ ಹೇಳ್ತಾನ,” ಅಂದರು ಪರದೆಯಿಂದ ಕಣ್ಣು ತೆಗೆಯದೆ.

ಪಕ್ಕದ ಸೀಟಿಗೂ ಒಬ್ಬನನ್ನು ಕೂರಿಸಿಕೊಂಡೇ ಮಾರಾಟ ಮಾಡುತ್ತಾರೆಂದು ನನಗೇನು ಗೊತ್ತು? ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

“ಬಾಳ ಮಾತಾಡ್ತಾನ ಅವ.”

“ನಿನಗಿಂತ ಕಮ್ಮಿ,” ಅಂದರು, ಅಂದವರೇ ಹೋಗಿ ಮರಕ್ಕೆ ಗುದ್ದಿದರು.

ಮತ್ತೆ ಶುರುಮಾಡಿದರು. ಮತ್ತೆ ಅದೇ ತಿರುವು, ಅದೇ ಮರ. ಆ ಗಂಡಸು ಹೇಳುವುದನ್ನು ಇವರು ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ತಿರುವು ದಾಟಿರುತ್ತಿತ್ತು. ಆಕೆ ಎಡ ಸಾರ್, ಎಡ ಸಾರ್ ಅನ್ನುತ್ತಿದ್ದಳು. ಆದರೆ ಅವಳು ಹೇಳುತ್ತಿದ್ದದ್ದು ತಿರುವನ್ನು. ಇವರಿಗೆ ಕಾಣದಿದ್ದದ್ದು ಮರ. ಪರದೆಯ ಎಡ ಅಂಚೇ ಅವರ ಕಣ್ಣಿಗೆ ಇಲ್ಲ. ಸ್ಟೀರಿಂಗಿಗೆ ಗಾಲಿಯ ಕೆಳಗಿರುವುದಷ್ಟೇ ಗೊತ್ತು. ಮರ ಗಾಲಿಯ ಕೆಳಗೆ ಬರುವ ತನಕ ಅದೂ ಸುಮ್ಮನಿರುತ್ತದೆ.

ಮೂರನೆಯ ಸಲ ಕಾರು ಆ ತಿರುವಿನ ಹತ್ತಿರ ಬಂತು. ನನಗೆ ತಡೆಯಲಾಗಲಿಲ್ಲ.

“ಎಡಕ್ಕ ಗಿಡ ಐತ್ರಿ! ದೊಡ್ಡದೈತಿ! ಬಲಕ್ಕ, ಇನ್ನೂ ಬಲಕ್ಕ, ಹಾಂ, ಬಿಡ್ರೀಗ!”

ಕಾರು ದಾಟಿತು.

ಆ ಇಂಗ್ಲಿಷಿನವ ಇನ್ನೂ ಒದರುತ್ತಲೇ ಇದ್ದ. ಇವರು ಆಟ ನಿಲ್ಲಿಸಿ, “ಟೀಚರ್, ಇವನ ಬಾಯಿ ಹೆಂಗ ಬಂದ್ ಮಾಡೂದು?” ಅಂದರು. ಆಕೆ ಯಾವುದೋ ಗುಂಡಿ ಒತ್ತಿದಳು, ದನಿ ಹೋಯಿತು. ಆಮೇಲೆ ಕುರ್ಚಿ ಬಿಟ್ಟು ಎದ್ದಳು.

“ಬನ್ನಿ ಆಂಟಿ, ನೀವೇ ಕೂತ್ಕೊಳ್ಳಿ. ನಾನು ರೊಟ್ಟಿ ನೋಡ್ಕೋತೀನಿ.”

“ನಿಮಗ ರೊಟ್ಟಿ ಬಡಿಯಾಕ ಬರತೈತೇನ್ರಿ?”

“ಬರಲ್ಲ. ಸೀಯದ ಹಾಗೆ ನೋಡ್ತೀನಿ.”

ಕೂತೆ. ಆ ದಾರಿ ನನಗೂ ಹೊಸದು, ವಿಜಯಪುರದ ದಾರಿಯ ಹಾಗೆ ಗುರುತಿನ ಎಮ್ಮೆ, ಗುರುತಿನ ತಗ್ಗು ಇಲ್ಲ. ಹಳ್ಳದ ದಂಡೆ ಅಂದುಕೊಂಡದ್ದು ನೆರಳಾಗಿತ್ತು, ನೆರಳು ಅಂದುಕೊಂಡದ್ದು ಹಳ್ಳ. ಅದರಲ್ಲಿ ಬಿದ್ದೆವು. “ಏನ್ ಹೇಳ್ತೀ ನೀನು!” ಎಂದು ಬೈದರು. ಅವರು ಬೈದು ಬಹಳ ದಿನವಾಗಿತ್ತು. ಇನ್ನೊಮ್ಮೆ ಹೊರಟೆವು. ಒಂದು ಕಡೆ ಬಾಯಿಂದ ಮಾತು ಹೊರಡುವ ಮೊದಲೇ ಬಂಡೆ ಬಂತು, ನನ್ನ ಎರಡು ಬೆರಳು ಅವರ ಮಣಿಕಟ್ಟಿಗೆ ಹೋದವು, ಹಿಟ್ಟು ಅಂಟಿತು, ಕಾರು ಸರಿಯಿತು. ಆದರೆ ಅದೇ ಹೊತ್ತಿಗೆ ಸ್ಟೀರಿಂಗೂ ಗಡಗಡ ಅಂದಿತ್ತು. ಅವರು ಸರಿದದ್ದು ಯಾರ ಮಾತಿಗೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ‘ನಿನ್ನ ಮಾತಿಗೇ’ ಅನ್ನುತ್ತಿದ್ದರು, ನನಗೆ ನಂಬಿಕೆ ಬರುತ್ತಿರಲಿಲ್ಲ.

ಊಟಕ್ಕೆ ಮೇಜು ಸಿಗಲಿಲ್ಲ, ಮೂವರೂ ನೆಲಕ್ಕೆ ಕೂತೆವು. ಜೋಳದ ರೊಟ್ಟಿ, ಅದರಲ್ಲಿ ಎರಡು ಸೀದವು. ಶೇಂಗಾ ತುಂಬಿದ ಬದನೆಕಾಯಿ, ಮೊಸರು, ಹಸಿ ಉಳ್ಳಾಗಡ್ಡಿ. ಆಕೆ ಕೆಳಗಿನಿಂದ ತಂದ ತಿಳಿಸಾರು, ಚೆನ್ನಾಗಿಯೇ ಇತ್ತು. ಇವರು ಆಕೆಯ ರೊಟ್ಟಿಗೆ ಬೆಣ್ಣೆ ಹಾಕಲು ಕೈ ಚಾಚಿದಾಗ ಬೆಣ್ಣೆಯ ಬಟ್ಟಲನ್ನು ನಾನೇ ತೆಗೆದುಕೊಂಡು ಬಡಿಸಿದೆ. ಆಕೆ ಕೆಳಗಿಳಿದ ಮೇಲೆ ಪಾತ್ರೆ ತೊಳೆದೆ, ಅವರ ಕಣ್ಣಿಗೆ ಎರಡನೇ ಸಲ ಹನಿ ಬಿಟ್ಟೆ. ಹನಿ ಇಳಿಯಲೆಂದು ಕಣ್ಣು ಮುಚ್ಚಿದವರು ಹಾಗೇ ಮಲಗಿಬಿಟ್ಟರು. ಮೊದಲು ನಿದ್ದೆ ಹೋದದ್ದು ಅವರೇ. ಕಾರು ಸರಿದದ್ದು ಬೆರಳಿಗೋ ಸ್ಟೀರಿಂಗಿಗೋ ಎಂದು ಎಣಿಸುತ್ತ ನಾನು ಬಹಳ ಹೊತ್ತು ಎಚ್ಚರವಿದ್ದೆ.